ವೆನೀರ್ ಮೇಲ್ಹಲಗೆಯನ್ನು ಮೇಜಿನ ಚೌಕಟ್ಟಿಗೆ ಕೂರಿಸುವ ಕ್ರಮ

ಕಾಲುಗಳ ಕಚ್ಚು ಕೊರೆಯುವುದಕ್ಕೆ ಎರಡು ದಿನ, ಪಾಲಿಷ್‌ಗೆ ನಾಲ್ಕು ದಿನ ತಾಳ್ಮೆಯಿಂದ ಕೊಡುವವರೂ ಮೇಲ್ಹಲಗೆಯನ್ನು ಚೌಕಟ್ಟಿಗೆ ಕೂರಿಸುವ ಕೆಲಸವನ್ನು ಕೊನೆಯ ಅರ್ಧ ಗಂಟೆಗೆ ಬಿಟ್ಟಿರುತ್ತಾರೆ. ಹೊರಗೆ ಟೆಂಪೊ ಕಾಯುತ್ತಿರುತ್ತದೆ, ಮನೆಯವರು ಎರಡು ಬಾರಿ ಫೋನ್ ಮಾಡಿರುತ್ತಾರೆ, ಕೈಗೆ ಸಿಕ್ಕಿದ ನಾಲ್ಕು ಎಲ್ ಪಟ್ಟಿಗಳನ್ನು (ಎಲ್ ಆಕಾರಕ್ಕೆ ಮಡಿಸಿದ ಲೋಹದ ಪಟ್ಟಿ) ಮೂಲೆಗಳಿಗೆ ಒತ್ತಿ ಸ್ಕ್ರೂ ಬಿಗಿದು ಮೇಜನ್ನು ಸಾಗಿಸಲಾಗುತ್ತದೆ. ಗಟ್ಟಿ ಮರದ ಹಲಗೆಯಾಗಿದ್ದರೆ ಈ ಆತುರದ ತಪ್ಪನ್ನು ಮುಂದೆ ಒಮ್ಮೆ ಕೀಸುಳಿ ಹಾಕಿ, ಉಜ್ಜಿ ಸರಿಪಡಿಸಬಹುದು. ವೆನೀರ್ ಹಲಗೆಯಲ್ಲಿ, ಅಂದರೆ ಒಳ್ಳೆಯ ಮರದ ತೆಳು ಪದರವನ್ನು ಮೇಲೆ ಅಂಟಿಸಿದ ಹಲಗೆಯಲ್ಲಿ, ಆ ಅವಕಾಶವಿಲ್ಲ. ನಾವು ನೋಡಿ ಮೆಚ್ಚುವ ತೇಗದ ಅಥವಾ ಬೀಟೆಯ ಪದರದ ದಪ್ಪ ಸಾಮಾನ್ಯವಾಗಿ ಅರ್ಧ ಮಿಲಿಮೀಟರಿನ ಆಸುಪಾಸು. ಕೆಳಗಿನಿಂದ ಬಂದ ಸ್ಕ್ರೂ ಆ ಪದರವನ್ನು ಒಮ್ಮೆ ಎತ್ತಿತೆಂದರೆ ಅದನ್ನು ಮರೆಮಾಚುವಷ್ಟು ಮರವೇ ಅಲ್ಲಿ ಇರುವುದಿಲ್ಲ.

ಉಡುಪಿಯಲ್ಲಿ ಹೆಂಚಿನ ಮಾಡಿನ ಒಂದು ಸಣ್ಣ ಶೆಡ್ಡಿನಲ್ಲಿ ಕುಳಿತು ಮಾಡಿದ ಊಟದ ಮೇಜುಗಳು, ಓದುವ ಮೇಜುಗಳು ನನಗೆ ಕಲಿಸಿದ್ದನ್ನು ಇಲ್ಲಿ ಕ್ರಮವಾಗಿ ಬರೆಯುತ್ತಿದ್ದೇನೆ. ಉದಾಹರಣೆಗೆ ಐದು ಅಡಿ ಉದ್ದ, ಮೂರು ಅಡಿ ಅಗಲದ ಮೇಜನ್ನು ಇಟ್ಟುಕೊಳ್ಳೋಣ. ಚೌಕಟ್ಟು ತೇಗದ್ದೋ ಹಲಸಿನದೋ ಆಗಿರಬಹುದು, ಈಗ ಹೆಚ್ಚಾಗಿ ಕಾಣುವ ಕಬ್ಬಿಣದ ಚೌಕ ಪೈಪಿನದ್ದೂ ಆಗಿರಬಹುದು. ಎರಡಕ್ಕೂ ಅನ್ವಯಿಸುವ ಮೂಲ ಮಾತು ಒಂದೇ. ಸ್ಕ್ರೂವಿನ ಕೆಲಸ ಹಲಗೆಯನ್ನು ಹಿಡಿದಿಡುವುದು ಮಾತ್ರ, ಸೊಟ್ಟಗಿರುವ ಹಲಗೆಯನ್ನೋ ಚೌಕಟ್ಟನ್ನೋ ಎಳೆದು ನೇರ ಮಾಡುವುದು ಅದರ ಕೆಲಸವಲ್ಲ. ಹಲಗೆ ಚೌಕಟ್ಟಿನ ಮೇಲೆ ಸ್ಕ್ರೂವಿಲ್ಲದೆಯೂ ಅಲ್ಲಾಡದೆ ಕೂರುವಂತಾದ ಮೇಲೆಯೇ ಡ್ರಿಲ್ ಕೈಗೆತ್ತಿಕೊಳ್ಳಬೇಕು.

ಹಿಗ್ಗುವುದು ಯಾವುದು, ಸುಮ್ಮನಿರುವುದು ಯಾವುದು

ಕರಾವಳಿಯಲ್ಲಿ ಮರದ ಕೆಲಸ ಮಾಡುವವರು ಮೊದಲು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದುದು ತೇವವನ್ನು. ಮಂಗಳೂರು, ಉಡುಪಿಗಳಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗಿಂತ ಹೆಚ್ಚು ಮಳೆ ಬೀಳುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಸುರಿಯುತ್ತದೆ. ಮಳೆಗಾಲದ ನಡುವಿನ ಆಟಿ ತಿಂಗಳಲ್ಲಿ ಹಳೆಯ ಮನೆಗಳ ಕಪಾಟಿನ ಬಾಗಿಲು ಹಿಡಿದುಕೊಳ್ಳುವುದನ್ನೂ, ಮೇಜಿನ ಡ್ರಾವರ್ ಅರ್ಧಕ್ಕೆ ಸಿಕ್ಕಿಹಾಕಿಕೊಳ್ಳುವುದನ್ನೂ, ಅವೇ ಮಕರ ಸಂಕ್ರಾಂತಿಯ ಹೊತ್ತಿಗೆ ಸಲೀಸಾಗಿ ಜಾರುವುದನ್ನೂ ಇಲ್ಲಿನವರೆಲ್ಲ ಕಂಡಿದ್ದಾರೆ. ಮರ ಗಾಳಿಯ ತೇವವನ್ನು ಹೀರಿ ಎಳೆಗೆ, ಅಂದರೆ ನಾರು ಓಡುವ ದಿಕ್ಕಿಗೆ, ಅಡ್ಡಲಾಗಿ ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ; ಎಳೆಯ ಉದ್ದಕ್ಕೆ ಅದರ ಚಲನೆ ಗಮನಕ್ಕೆ ಬಾರದಷ್ಟು ಕಡಿಮೆ. ಸ್ಥಿರವಾದ ಮರವೆಂದು ಹೆಸರು ಪಡೆದ ತೇಗವೂ ಒಂದು ಅಡಿ ಅಗಲದಲ್ಲಿ ಒಣ ಕಾಲಕ್ಕೂ ಮಳೆಗಾಲಕ್ಕೂ ನಡುವೆ ಒಂದೆರಡು ಮಿಲಿಮೀಟರ್ ವ್ಯತ್ಯಾಸ ತೋರಬಲ್ಲದು. ಹಾಗಾಗಿಯೇ ಗಟ್ಟಿ ಹಲಗೆಯ ಮೇಜುಗಳಲ್ಲಿ ಹಲಗೆಗೆ ಜಾರಲು ಜಾಗ ಬಿಟ್ಟು, ಮರದ ಗುಟ್ಟಿಗಳಿಂದ ಕೆಳಗಿನಿಂದ ಹಿಡಿದಿಡುವ ಪದ್ಧತಿ ಬಂದಿದೆ.

ವೆನೀರ್ ಹಲಗೆಯಲ್ಲಿ ಲೆಕ್ಕ ತಿರುಗುಮುರುಗಾಗುತ್ತದೆ. ಪ್ಲೈವುಡ್‌ನಲ್ಲಿ ಪದರದಿಂದ ಪದರಕ್ಕೆ ಎಳೆ ಅಡ್ಡಲಾಗಿ ಕೂಡಿರುವುದರಿಂದ ಒಂದು ಪದರದ ಹಿಗ್ಗುವಿಕೆಯನ್ನು ಇನ್ನೊಂದು ತಡೆಯುತ್ತದೆ, ಆದ್ದರಿಂದ ಒಟ್ಟು ಹಲಗೆ ಬಹುಮಟ್ಟಿಗೆ ಸುಮ್ಮನಿರುತ್ತದೆ. ಮರದ ನಾರನ್ನು ಅಂಟಿನೊಡನೆ ಒತ್ತಿ ಮಾಡಿದ ಎಂಡಿಎಫ್ ಹಲಗೆ ಐದು ಅಡಿ ಉದ್ದದಲ್ಲಿ ಒಂದೆರಡು ಮಿಲಿಮೀಟರಿನಷ್ಟು ಹಿಗ್ಗಬಹುದು, ಅದೂ ಉದ್ದಗಲಗಳೆರಡರಲ್ಲೂ ಒಂದೇ ಪ್ರಮಾಣದಲ್ಲಿ. ಇಲ್ಲಿ ಹೆಚ್ಚು ಅಲುಗುವುದು ಹಲಗೆಗಿಂತ ಕೆಳಗಿನ ಗಟ್ಟಿ ಮರದ ಚೌಕಟ್ಟೇ. ನಾಲ್ಕು ಕಾಲು, ನಾಲ್ಕು ಕಿರಿದಾದ ಅಡ್ಡಪಟ್ಟಿಗಳ ಸಾಮಾನ್ಯ ಚೌಕಟ್ಟಿನಲ್ಲಿ ಪಟ್ಟಿಗಳ ಎಳೆ ಉದ್ದಕ್ಕೇ ಇರುವುದರಿಂದ ತೊಂದರೆಯಿಲ್ಲ. ಅಲ್ಲಿ ವೆನೀರ್ ಹಲಗೆಯನ್ನು ನೇರವಾಗಿ ಸ್ಕ್ರೂ ಹಾಕಿ ಕೂರಿಸಿದರೂ ನಡೆಯುತ್ತದೆ. ಆದರೆ ಹತ್ತು ಹನ್ನೆರಡು ಇಂಚು ಅಗಲದ ಹಲಸಿನ ದಪ್ಪ ಹಲಗೆಯನ್ನೇ ಅಡ್ಡ ಮಲಗಿಸಿ ಮಾಡಿದ ಚೌಕಟ್ಟಾಗಿದ್ದರೆ, ಅದರ ಅಗಲದ ಒಂದು ಬದಿಯಲ್ಲಿ ಸ್ಕ್ರೂವನ್ನು ಬಿಗಿಯಾಗಿ ಹಾಕಿ, ಇನ್ನೊಂದು ಬದಿಯಲ್ಲಿ ತೂತನ್ನು ಉದ್ದುದ್ದ ಮಾಡಿ ಜಾರಲು ಬಿಡಬೇಕು. ಎರಡು ಬದಿಯೂ ಬಿಗಿಯಾದರೆ ಮಳೆಗಾಲದಲ್ಲಿ ಹಿಗ್ಗುವ ಹಲಸು ಸ್ಕ್ರೂವಿನ ಹಿಡಿತವನ್ನೇ ಕಿತ್ತು ಹಾಕುತ್ತದೆ.

ಇದಕ್ಕಿಂತ ಮುಖ್ಯವಾದ ಇನ್ನೊಂದು ಪರೀಕ್ಷೆಯಿದೆ, ಅದನ್ನು ಹಲಗೆಯನ್ನು ಅಂಗಡಿಯಿಂದಲೋ ಬೇರೆ ಕೆಲಸಗಾರರಿಂದಲೋ ತಂದ ದಿನವೇ ಮಾಡಬೇಕು. ಹಲಗೆಯ ಅಡಿಭಾಗವನ್ನು ತಿರುವಿ ನೋಡಿರಿ. ಮೇಲೆ ವೆನೀರ್ ಅಂಟಿಸಿ ಅಡಿಭಾಗವನ್ನು ಬರಿದೇ ಬಿಟ್ಟಿದ್ದರೆ ಆ ಹಲಗೆ ಇಂದಲ್ಲ ನಾಳೆ ಬಾಗುತ್ತದೆ, ಏಕೆಂದರೆ ಒಂದು ಬದಿ ತೇವವನ್ನು ತಡೆಯುತ್ತದೆ, ಇನ್ನೊಂದು ಬದಿ ಹೀರುತ್ತದೆ. ನಮ್ಮ ಕಡೆ 18 ಮಿ.ಮೀ. ಪ್ಲೈವುಡ್‌ನ ಮೇಲೆ 4 ಮಿ.ಮೀ. ವೆನೀರ್ ಪ್ಲೈ ಅಂಟಿಸುವುದು ರೂಢಿ. ಆಗ ಅಡಿಗೂ ಅಷ್ಟೇ ದಪ್ಪದ ಸಾದಾ ಪ್ಲೈಯನ್ನು, ಎಳೆಯ ದಿಕ್ಕನ್ನು ಹೊಂದಿಸಿ, ಅದೇ ಅಂಟಿನಿಂದ ಅಂಟಿಸಬೇಕು. ಬಾಗಿದ ಹಲಗೆಯನ್ನು ಎಲ್ ಪಟ್ಟಿ ಹಾಕಿ ಎಳೆದು ಕೂರಿಸಿದರೆ ಮೇಜು ಒಂದು ತಿಂಗಳು ಚೆನ್ನಾಗಿ ಕಾಣಬಹುದು. ಆ ಎಳೆತ ಮಾತ್ರ ಹಗಲು ರಾತ್ರಿ ಸ್ಕ್ರೂವಿನ ಕಚ್ಚನ್ನು ಹರಿಯುತ್ತಲೇ ಇರುತ್ತದೆ.

ಹಲಗೆಯ ಜಾತಿ, ಭಾರ, ಅಡಿಭಾಗದ ಲೇಪ

ಸ್ಕ್ರೂ ಹಿಡಿತದ ಮಟ್ಟಿಗೆ ಒಳ್ಳೆಯ ಪ್ಲೈವುಡ್‌ಗೆ ಮೊದಲ ಸ್ಥಾನ. ಬ್ಲಾಕ್‌ಬೋರ್ಡ್ ಹಗುರವಾಗಿ, ಬಾಗದೆ ನಿಲ್ಲುತ್ತದೆ, ಆದರೆ ಒಳಗಿನ ಮರದ ಪಟ್ಟಿಗಳ ನಡುವಿನ ಸಂದಿಗೆ ಸ್ಕ್ರೂ ಬಿದ್ದರೆ ಹಿಡಿತವೇ ಇರುವುದಿಲ್ಲ. ತೂತು ಕೊರೆಯುವಾಗ ಬಿಟ್ ಏಕಾಏಕಿ ಸಡಿಲವಾಗಿ ಒಳಗೆ ಜಾರಿದರೆ ಅರ್ಧ ಇಂಚು ಪಕ್ಕಕ್ಕೆ ಸರಿದು ಬೇರೆ ತೂತು ಹಾಕುವುದು ಲೇಸು. ಎಂಡಿಎಫ್‌ನ ಮೇಲ್ಮೈ ಸಮತಟ್ಟಾಗಿರುವುದರಿಂದ ವೆನೀರ್ ಅದರ ಮೇಲೆ ಅತ್ಯಂತ ಚೆನ್ನಾಗಿ ಕೂರುತ್ತದೆ, ಆದರೆ ಅದರ ತೂತಿಗೆ ನೀರು ಇಳಿದರೆ ಸುತ್ತಲಿನ ಭಾಗ ಉಬ್ಬಿ ಮತ್ತೆ ಇಳಿಯುವುದೇ ಇಲ್ಲ. ಪ್ಲೈವುಡ್ ಕೊಳ್ಳುವಾಗ ಅದರ ಮೇಲಿನ ಐಎಸ್ (ಭಾರತೀಯ ಮಾನಕ) ಮುದ್ರೆ ನೋಡುವ ಅಭ್ಯಾಸವಿರಲಿ: ಐಎಸ್ 303 ಸಾಮಾನ್ಯ ಬಳಕೆಯದು, ಅದರಲ್ಲೇ ಬಿಡಬ್ಲ್ಯುಆರ್ (ಕುದಿನೀರನ್ನು ತಾಳುವ) ದರ್ಜೆ ತೇವವನ್ನು ಹೆಚ್ಚು ತಾಳುತ್ತದೆ, ಐಎಸ್ 710 ಎಂದಿರುವುದು ಮರೀನ್ ಪ್ಲೈವುಡ್. ಮಲ್ಪೆ, ಕಾಪು, ಸುರತ್ಕಲ್‌ನಂತೆ ಸಮುದ್ರಕ್ಕೆ ತೀರ ಹತ್ತಿರದ ಮನೆಗಳಲ್ಲಿ, ಅದರಲ್ಲೂ ಜಗುಲಿಯಲ್ಲಿ ಇಡುವ ಮೇಜಿಗೆ ನಾನು ಎಂಡಿಎಫ್ ಬಳಸುವುದಿಲ್ಲ.

ಭಾರದ ಅಂದಾಜೂ ಇರಬೇಕು. ಒಂದೂವರೆ ಮೀಟರ್ ಉದ್ದ, 90 ಸೆಂಟಿಮೀಟರ್ ಅಗಲದ 18 ಮಿ.ಮೀ. ಎಂಡಿಎಫ್ ಹಲಗೆ, ಘನಮೀಟರಿಗೆ 750 ಕಿಲೋ ಎಂದು ಹಿಡಿದರೆ, ಸುಮಾರು 18 ಕಿಲೋ ತೂಗುತ್ತದೆ. ಮೇಜನ್ನು ಎತ್ತುವವರು ಹಲಗೆಯ ಅಂಚಿಗೇ ಕೈಹಾಕುತ್ತಾರೆಂಬುದನ್ನು ಗಮನಿಸಿದ್ದೀರಲ್ಲವೇ? ಮೇಜು ನೆಲದ ಮೇಲೆ ನಿಂತಿರುವಾಗ ಸ್ಕ್ರೂಗಳಿಗೆ ಹೆಚ್ಚು ಕೆಲಸವಿಲ್ಲ. ಹಲಗೆ ತನ್ನ ಭಾರದಿಂದಲೇ ಕುಳಿತಿರುತ್ತದೆ. ಎತ್ತಿದ ಗಳಿಗೆಯಲ್ಲಿ ಇಡೀ ಚೌಕಟ್ಟಿನ ಭಾರ ಸ್ಕ್ರೂಗಳಿಂದ ತೂಗಾಡುತ್ತದೆ. ಕಬ್ಬಿಣದ ಚೌಕಟ್ಟಾಗಿದ್ದರೆ ಅದು ಹಲಗೆಗಿಂತಲೂ ಭಾರವಾಗಿರಬಹುದು. ಎಷ್ಟು ಕಡೆ ಹಿಡಿಯಬೇಕು ಎಂಬುದನ್ನು ಈ ಗಳಿಗೆಯನ್ನು ನೆನೆದು ನಿರ್ಧರಿಸಬೇಕು.

ಜೋಡಿಸುವ ಮೊದಲೇ ಹಲಗೆಯ ಅಡಿಭಾಗಕ್ಕೂ ಅಂಚಿನ ಕೆಳತುದಿಗೂ ತೇವ ತಡೆಯುವ ಲೇಪವಾದ ಸೀಲರನ್ನು ಎರಡು ಕೈ ಹೊಡೆಯಿರಿ. ಕಣ್ಣಿಗೆ ಕಾಣದ ಭಾಗವೆಂದು ಅದನ್ನು ಬಿಡುವುದೇ ಹೆಚ್ಚು, ಆದರೆ ಮಳೆಗಾಲದ ತೇವ ಏರುವುದು ಆ ಭಾಗದಿಂದಲೇ.

ಚೌಕಟ್ಟನ್ನು ಮೊದಲು ಸಮ ಮಾಡಿಕೊಳ್ಳುವುದು

ಮೇಜು ಎಲ್ಲಿ ನಿಲ್ಲುತ್ತದೋ ಅಲ್ಲೇ ಚೌಕಟ್ಟನ್ನು ಪರೀಕ್ಷಿಸುವುದು ಉತ್ತಮ, ಏಕೆಂದರೆ ಹಳೆಯ ಮನೆಗಳ ಕಾವಿ ನೆಲ ಒಂದೇ ಮಟ್ಟದಲ್ಲಿ ಇರುವುದಿಲ್ಲ. ಮೊದಲು ಕಾಲುಗಳ ಕೆಳಗೆ ಸಣ್ಣ ಚೂರು ಕೊಟ್ಟು ಚೌಕಟ್ಟು ಕುಂಟದಂತೆ ನಿಲ್ಲಿಸಿಕೊಳ್ಳಿ. ಬಳಿಕ ಚೌಕಟ್ಟಿನ ಮೇಲ್ಭಾಗದಲ್ಲಿ ಮೂಲೆಯಿಂದ ಮೂಲೆಗೆ ಎರಡು ತೆಳು ದಾರಗಳನ್ನು ಕತ್ತರಿಯಂತೆ ಬಿಗಿಯಾಗಿ ಕಟ್ಟಿ, ಅವು ಒಂದನ್ನೊಂದು ದಾಟುವಲ್ಲಿ ಏನಾಗುತ್ತಿದೆ ನೋಡಿ. ದಾರಗಳು ಹಗುರವಾಗಿ ತಾಗಿದರೆ ಚೌಕಟ್ಟು ಸಮವಾಗಿದೆ. ನಡುವೆ ಸಂದಿ ಬಿದ್ದಿದ್ದರೆ ಚೌಕಟ್ಟು ತಿರುಚಿದೆ. ಒಂದು ದಾರ ಇನ್ನೊಂದನ್ನು ಒತ್ತಿ ಎತ್ತುತ್ತಿರಲೂಬಹುದು, ಹಾಗಾಗಿ ಕೆಳಗಿನ ದಾರವನ್ನು ಮೇಲಕ್ಕೆ ಬದಲಿಸಿ ಕಟ್ಟಿ ಇನ್ನೊಮ್ಮೆ ನೋಡಬೇಕು. ನಡುವೆ 1 ಮಿ.ಮೀ. ಸಂದಿ ಕಂಡರೆ ಒಂದು ಮೂಲೆ ಸುಮಾರು 2 ಮಿ.ಮೀ. ಏರಿದೆ ಅಥವಾ ಇಳಿದಿದೆ ಎಂದು ತಿಳಿಯಬೇಕು. ಈ ಪರೀಕ್ಷೆಯನ್ನು ನನಗೆ ತೋರಿಸಿಕೊಟ್ಟ ಹಿರಿಯ ಆಚಾರಿಯವರ ಬಳಿ ಮೀನು ಹಿಡಿಯುವ ನೈಲಾನ್ ದಾರದ ಒಂದು ಸುರುಳಿ ಸದಾ ಇರುತ್ತಿತ್ತು. ಹತ್ತಿಯ ದಾರಕ್ಕಿಂತ ಅದು ನಿಜಕ್ಕೂ ಚೆನ್ನಾಗಿ ಬಿಗಿಯಾಗುತ್ತದೆ.

ಮರದ ಚೌಕಟ್ಟಿನಲ್ಲಿ ಏರಿದ ಮೂಲೆಯನ್ನು ಕೀಸುಳಿಯಿಂದ ಇಳಿಸಬಹುದು. ಕಬ್ಬಿಣದ ಚೌಕಟ್ಟಿನಲ್ಲಿ ತಿರುಚು ಬರುವುದು ವೆಲ್ಡಿಂಗ್‌ನ ಕಾವಿನಿಂದ. ಪೈಪು ಒಂದು ಬದಿಯಲ್ಲಿ ಕಾದು ತಣಿಯುವಾಗ ಆ ಬದಿಗೆ ಎಳೆದುಕೊಳ್ಳುತ್ತದೆ. ಪೌಡರ್ ಕೋಟಿಂಗ್‌ಗೆ ಕಳುಹಿಸುವ ಮೊದಲೇ ದಾರ ಕಟ್ಟಿ ನೋಡಿ, ತಪ್ಪಿದ್ದರೆ ಫ್ಯಾಬ್ರಿಕೇಶನ್ ಅಂಗಡಿಯಲ್ಲೇ ಸರಿಮಾಡಿಸಿಕೊಂಡು, ವೆಲ್ಡಿಂಗ್‌ನ ಗಂಟುಗಳು ಮೇಲ್ಮೈಯಲ್ಲಿ ಉಳಿಯದಂತೆ ಗ್ರೈಂಡ್ ಮಾಡಿಸಬೇಕು. ಕೋಟಿಂಗ್ ಆದ ಮೇಲೆ ಕಂಡ ಅರ್ಧ, ಒಂದು ಮಿಲಿಮೀಟರಿನ ವ್ಯತ್ಯಾಸಕ್ಕೆ ಮಾತ್ರ ತೆಳು ರಬ್ಬರ್ ಅಥವಾ ಗಟ್ಟಿ ಪ್ಲಾಸ್ಟಿಕ್‌ನ ಚೂರುಗಳನ್ನು ಸ್ಕ್ರೂ ಬರುವ ಜಾಗದಲ್ಲೇ ಕೊಡಬಹುದು. ಸ್ಕ್ರೂವಿಗೂ ಚೂರಿಗೂ ನಡುವೆ ಅಂತರವಿದ್ದರೆ ಹಲಗೆ ಅಲ್ಲೇ ಬಾಗುತ್ತದೆ.

ಹಿಡಿಕೆಗಳ ಆಯ್ಕೆ

ಮರದ ಚೌಕಟ್ಟಿಗೆ ನಾನು ಹೆಚ್ಚು ನೆಚ್ಚಿಕೊಂಡಿರುವುದು ಅಡ್ಡಪಟ್ಟಿಯ ಅಡಿಯಿಂದ ನೇರವಾಗಿ ಸ್ಕ್ರೂ ಹಾಕುವ ವಿಧಾನವನ್ನು. ಪಟ್ಟಿ ಮೂರು ಇಂಚು ಎತ್ತರವಿದ್ದರೆ ಕೆಳಗಿನಿಂದ 10 ಮಿ.ಮೀ. ದಪ್ಪದ ಬಿಟ್ಟಿನಲ್ಲಿ ಆಳವಾಗಿ ಕೊರೆದು, ಮೇಲೆ ಕೇವಲ 20 ಮಿ.ಮೀ. ಮರ ಉಳಿಯುವಂತೆ ನಿಲ್ಲಿಸಬೇಕು. ಆ 20 ಮಿ.ಮೀ.ನಲ್ಲಿ ಸ್ಕ್ರೂ ಸಲೀಸಾಗಿ ಹಾಯುವ 4.5 ಮಿ.ಮೀ. ತೂತು. ಈಗ 32 ಮಿ.ಮೀ. ಉದ್ದದ 8 ನಂಬರ್ ಸ್ಕ್ರೂ ಹಾಕಿದರೆ ಹಲಗೆಯೊಳಗೆ 12 ಮಿ.ಮೀ. ಹೋಗುತ್ತದೆ. ಹಲಗೆ ಒಟ್ಟು 19 ಮಿ.ಮೀ. ಇದ್ದರೆ ಮೇಲೆ 7 ಮಿ.ಮೀ. ಉಳಿಯುತ್ತದೆ, ಅಷ್ಟು ಸಾಕು. ಯಾವ ವಿಧಾನದಲ್ಲೂ ಸ್ಕ್ರೂವಿನ ತುದಿಗೂ ಹಲಗೆಯ ಮೇಲ್ಮೈಗೂ ನಡುವೆ 4–5 ಮಿ.ಮೀ.ಗಿಂತ ಕಡಿಮೆ ಉಳಿಯಬಾರದು. ಪಟ್ಟಿಯ ತೂತು ಸ್ಕ್ರೂವಿಗಿಂತ ದೊಡ್ಡದಾಗಿರಲೇಬೇಕೆಂಬುದನ್ನು ಹಲವರು ಮರೆಯುತ್ತಾರೆ. ಪಟ್ಟಿಯಲ್ಲೂ ಹಲಗೆಯಲ್ಲೂ ಸ್ಕ್ರೂವಿನ ದಾರ, ಅಂದರೆ ಅದರ ಸುರುಳಿ ಕಚ್ಚು, ಒಮ್ಮೆಲೇ ಹಿಡಿದರೆ ಎರಡರ ನಡುವಿನ ಸಂದಿ ಎಷ್ಟು ತಿರುಗಿಸಿದರೂ ಮುಚ್ಚುವುದಿಲ್ಲ, ತಿರುಗಿಸುವವರ ಬಲವೆಲ್ಲ ಹಲಗೆಯ ದಾರವನ್ನು ಹಾಳುಮಾಡುವುದರಲ್ಲೇ ಕಳೆಯುತ್ತದೆ.

ಪಟ್ಟಿಯ ಒಳಬದಿಗೆ ಎಲ್ ಪಟ್ಟಿ ಹಾಕುವುದು ಸುಲಭ. 2 ಮಿ.ಮೀ. ದಪ್ಪದ ಎಲ್ ಪಟ್ಟಿಗೆ 16 ಮಿ.ಮೀ. ಸ್ಕ್ರೂ ಹೊಂದುತ್ತದೆ, ಒಳಗೆ 14 ಮಿ.ಮೀ. ಹೋಗುತ್ತದೆ. ಮಾರುಕಟ್ಟೆಯಲ್ಲಿ ಒಂದು ತೂತು ಗುಂಡಗೆ, ಇನ್ನೊಂದು ಉದ್ದುದ್ದ ಇರುವ ಎಲ್ ಪಟ್ಟಿಗಳು ಸಿಗುತ್ತವೆ; ಉದ್ದುದ್ದ ತೂತು ಹಲಗೆಯ ಬದಿಗೆ ಬರಬೇಕು, ಅದಕ್ಕೆ ಚಪ್ಪಟೆ ವಾಷರ್ ಮತ್ತು ಗುಂಡು ತಲೆಯ ಸ್ಕ್ರೂ ಬೇಕು. ಇಳಿಜಾರು ತಲೆಯ ಸ್ಕ್ರೂ ಹಾಕಿದರೆ ಅದು ತೂತಿನ ಅಂಚಿಗೆ ಆಪುಕೊಟ್ಟಂತೆ ಕೂತು, ಜಾರಬೇಕಾದ ಜಾಗವನ್ನೇ ಬಂಧಿಸುತ್ತದೆ. ಎಂಟರ ಆಕಾರದ ಸಣ್ಣ ತಗಡುಗಳು ಸಿಕ್ಕಿದರೆ ಅವು ಇನ್ನೂ ಚೆನ್ನ: ಒಂದು ಉರುಟನ್ನು ಪಟ್ಟಿಯ ಮೇಲ್ಬದಿಯಲ್ಲಿ ತಗಡಿನ ದಪ್ಪದಷ್ಟೇ ಕೊರೆದು ಕೂರಿಸಿ, ಇನ್ನೊಂದನ್ನು ಹಲಗೆಗೆ ಸ್ಕ್ರೂ ಮಾಡಿದರೆ ಅದು ಮರದ ಚಲನೆಯೊಂದಿಗೆ ತಾನೇ ತಿರುಗಿಕೊಳ್ಳುತ್ತದೆ. ಮಂಗಳೂರಿನ ಬಂದರಿನ ಹಾರ್ಡ್‌ವೇರ್ ಅಂಗಡಿಗಳಲ್ಲಿ ಕೇಳುವಾಗ ಹೆಸರಿಗಿಂತ ಆಕಾರವನ್ನು ಕಾಗದದ ಮೇಲೆ ಬರೆದು ತೋರಿಸಿದರೆ ಕೆಲಸ ಬೇಗ ಆಗುತ್ತದೆ.

ಕಬ್ಬಿಣದ ಚೌಕಟ್ಟಿಗೆ ಮರದ ಸ್ಕ್ರೂಗಳಿಗಿಂತ ಇನ್ಸರ್ಟ್ ನಟ್ (ಹಲಗೆಯ ತೂತಿನೊಳಗೆ ಕೂರಿಸುವ, ಒಳಗೆ ದಾರವಿರುವ ಲೋಹದ ನಳಿಕೆ) ಮತ್ತು ಎಂ6 ಬೋಲ್ಟ್ ಬಹಳ ಮೇಲು. ಮನೆ ಬದಲಿಸುವಾಗ ಹತ್ತು ಬಾರಿ ಬಿಚ್ಚಿ ಹಾಕಿದರೂ ಹಿಡಿತ ಸವೆಯುವುದಿಲ್ಲ. ಚೌಕಟ್ಟಿನ ಮೇಲೆ 5 ಮಿ.ಮೀ. ದಪ್ಪದ ತಗಡಿನ ತುಂಡುಗಳನ್ನು ವೆಲ್ಡ್ ಮಾಡಿಸಿ, ಅವುಗಳಲ್ಲಿ 9 ಮಿ.ಮೀ. ತೂತು ಹಾಕಿಸಿಕೊಳ್ಳಿ; 6 ಮಿ.ಮೀ. ಬೋಲ್ಟಿಗೆ ಆಗ ಸುತ್ತಲೂ ಒಂದೂವರೆ ಮಿಲಿಮೀಟರ್ ಸರಿದಾಡುವ ಅವಕಾಶ ಸಿಗುತ್ತದೆ. ಐದು ಅಡಿಯ ಕಬ್ಬಿಣ ಇಪ್ಪತ್ತು ಡಿಗ್ರಿ ಬಿಸಿಯೇರಿದರೂ ಅರ್ಧ ಮಿಲಿಮೀಟರ್ ಹಿಗ್ಗುವುದಿಲ್ಲ, ಆದ್ದರಿಂದ ಈ ಅವಕಾಶ ಬೇಕಾಗಿರುವುದು ಹಲಗೆಗಾಗಿ. ಇಲ್ಲಿ ಬೋಲ್ಟಿನ ಉದ್ದದ ಲೆಕ್ಕವನ್ನು ಎರಡು ಬಾರಿ ಮಾಡಿರಿ. ತಗಡು 5, ವಾಷರ್ ಒಂದೂವರೆ, ಇನ್ಸರ್ಟ್ 12 ಮಿ.ಮೀ. ಎಂದಿಟ್ಟುಕೊಂಡರೆ 16 ಮಿ.ಮೀ. ಬೋಲ್ಟ್ ಇನ್ಸರ್ಟಿನೊಳಗೆ ಒಂಬತ್ತೂವರೆ ಮಿ.ಮೀ. ಹಿಡಿಯುತ್ತದೆ. 25 ಮಿ.ಮೀ. ಬೋಲ್ಟ್ ಕೈಗೆ ಸಿಕ್ಕಿತೆಂದು ಹಾಕಿದರೆ ಅದು ಇನ್ಸರ್ಟನ್ನು ದಾಟಿ ತೂತಿನ ತಳಕ್ಕೆ ತಾಗಿ, ಜ್ಯಾಕ್ ಹಾಕಿದಂತೆ ವೆನೀರನ್ನು ಮೇಲಕ್ಕೆತ್ತುತ್ತದೆ.

ಸಮುದ್ರದ ಗಾಳಿಯ ಮಾತನ್ನೂ ಇಲ್ಲೇ ಹೇಳಬೇಕು. ಉಪ್ಪು ಬೆರೆತ ತೇವದಲ್ಲಿ ಸಾದಾ ಸ್ಕ್ರೂ ಎರಡು ಮಳೆಗಾಲದೊಳಗೆ ಕೆಂಪಾಗಿ, ಬಿಚ್ಚಲು ಹೋದರೆ ತಲೆ ತುಂಡಾಗುವ ಸ್ಥಿತಿಗೆ ಬರುತ್ತದೆ. 304 ದರ್ಜೆಯ ಸ್ಟೇನ್‌ಲೆಸ್ ಸ್ಕ್ರೂಗಳು ಮನೆಯೊಳಗಿನ ಮೇಜಿಗೆ ಸಾಕು, ತೀರದ ಮನೆಯ ತೆರೆದ ಜಗುಲಿಗೆ 316 ದರ್ಜೆಯದು ಉತ್ತಮ. ಇನ್ನೊಂದು ಕಾರಣವೂ ಇದೆ: ಟ್ಯಾನಿನ್ ಎಂಬ ಒಗರು ಅಂಶ ಹೆಚ್ಚಿರುವ ಓಕ್‌ನಂಥ ಮರಕ್ಕೆ ಕಬ್ಬಿಣವೂ ನೀರೂ ಒಟ್ಟಿಗೆ ತಾಗಿದರೆ ನೀಲಿಗಪ್ಪು ಕಲೆ ಮೂಡುತ್ತದೆ. ಓಕ್ ವೆನೀರಿನ ಅಂಚು ಕಬ್ಬಿಣದ ಚೌಕಟ್ಟಿಗೆ ನೇರ ತಾಗುವಲ್ಲಿ ಕೋಟಿಂಗ್ ಗೀರಿರದಂತೆ ನೋಡಿಕೊಳ್ಳಿ, ನಡುವೆ ತೆಳು ಫೆಲ್ಟ್ ಪಟ್ಟಿ ಅಂಟಿಸಿ.

ಜೋಡಣೆ

ಪಾಲಿಷ್ ಒಣಗಿದಂತೆ ಕಂಡರೂ ಒಳಗೆ ಗಟ್ಟಿಯಾಗಲು ಸಮಯ ಬೇಕು. ಬೇಸಿಗೆಯಲ್ಲಿ ನಾನು ಒಂದು ವಾರ ಬಿಡುತ್ತೇನೆ, ಮಳೆಗಾಲದಲ್ಲಿ ಇನ್ನೂ ಹೆಚ್ಚು; ಇಲ್ಲವಾದರೆ ಮಗುಚಿ ಹಾಕಿದ ಹಲಗೆಯ ಮೇಲೆ ಕಂಬಳಿಯ ನೂಲಿನ ಅಚ್ಚು ಹಾಗೆಯೇ ಮೂಡಿಬಿಡುತ್ತದೆ. ನೆಲವನ್ನು ಗುಡಿಸಿ, ಒರಸಿ, ದಪ್ಪ ಜಮಖಾನ ಹಾಸಿ, ಅದರ ಮೇಲೆ ಒಗೆದ ಹತ್ತಿ ಬಟ್ಟೆ ಹಾಸಿರಿ. ಬಟ್ಟೆಯ ಮೇಲೆ ಅಂಗೈ ಸವರಿ ಮರಳಿನ ಒಂದು ಕಣವೂ ಇಲ್ಲವೆಂದು ಖಾತ್ರಿ ಮಾಡಿಕೊಳ್ಳಬೇಕು. ನಮ್ಮ ಅಂಗಳದ ಮರಳು ಕಾಲಿಗೆ ಅಂಟಿಯೇ ಒಳಗೆ ಬರುತ್ತದೆ, 18 ಕಿಲೋ ಹಲಗೆಯ ಅಡಿಗೆ ಸಿಕ್ಕಿದ ಒಂದು ಕಣ ಸಾಕು, ಉದ್ದದ ಗೀರು ಬೀಳಲು. ಇಬ್ಬರು ಹಿಡಿದು ಹಲಗೆಯನ್ನು ಎತ್ತಿ ಮಗುಚಬೇಕು, ಒಂದು ಅಂಚಿನ ಮೇಲೆ ಊರಿ ತಿರುಗಿಸಬಾರದು. ವೆನೀರಿನ ಅಂಚು ಎಲ್ಲಕ್ಕಿಂತ ಬೇಗ ಸಿಡಿಯುವ ಭಾಗ.

ಮಗುಚಿದ ಹಲಗೆಯ ಮೇಲೆ ಚೌಕಟ್ಟನ್ನು ತಲೆಕೆಳಗಾಗಿ ಇಟ್ಟು ನಾಲ್ಕೂ ಬದಿ ಅಳೆಯಿರಿ. ಎದುರು ಬದುರು ಬದಿಗಳಲ್ಲಿ ಹಲಗೆ ಹೊರಚಾಚಿದ ಅಳತೆ ಸಮನಾಗಿರಬೇಕು. ಬದಿಯ ನಡುವೆ ಒಮ್ಮೆ ಅಳೆದರೆ ಸಾಲದು, ಎರಡು ತುದಿಗಳಲ್ಲೂ ಅಳೆದರೆ ಮಾತ್ರ ಚೌಕಟ್ಟು ಓರೆಯಾಗಿದೆಯೇ ಎಂಬುದು ತಿಳಿಯುತ್ತದೆ. ಅದಾದ ಮೇಲೆ ಚೌಕಟ್ಟಿನ ಸುತ್ತ ಪೆನ್ಸಿಲ್ ಗೆರೆ ಎಳೆದು, ತೂತುಗಳ ಮೂಲಕ ಹಲಗೆಯ ಮೇಲೆ ಗುರುತು ಹಾಕಿಕೊಂಡು, ಚೌಕಟ್ಟಿನ ಒಂದು ಕಾಲಿನ ಬಳಿಯೂ ಹಲಗೆಯ ಅದೇ ಮೂಲೆಯಲ್ಲೂ ಒಂದೇ ಅಂಕೆ ಬರೆದಿಡಬೇಕು. ಮುಂದೆ ಬಿಚ್ಚಿ ಜೋಡಿಸುವಾಗ ಈ ಅಂಕೆ ಬಹಳ ಉಪಕಾರ ಮಾಡುತ್ತದೆ. ಹಿಡಿಕೆಗಳು ಒಂದು ಅಡಿಗೆ ಒಂದರಂತೆ ಇದ್ದರೆ ಸಾಕು. ನಮ್ಮ ಐದು ಅಡಿಯ ಮೇಜಿಗೆ ಉದ್ದದ ಎರಡೂ ಬದಿಗೆ ನಾಲ್ಕು ನಾಲ್ಕು, ಅಗಲದ ಬದಿಗೆ ಎರಡೆರಡು, ಒಟ್ಟು ಹನ್ನೆರಡು. ಮೂಲೆಗೆ ತೀರ ಸಮೀಪ ಹಾಕಬೇಡಿ.

ಚೌಕಟ್ಟನ್ನು ಎತ್ತಿಟ್ಟು ಹಲಗೆಯಲ್ಲಿ ತೂತು ಕೊರೆಯುವ ಹೊತ್ತು ಈ ಕೆಲಸದಲ್ಲೇ ಅತ್ಯಂತ ಎಚ್ಚರದ ಹೊತ್ತು. 8 ನಂಬರ್ ಸ್ಕ್ರೂವಿಗೆ ಪ್ಲೈವುಡ್‌ನಲ್ಲಿ 2.5 ಮಿ.ಮೀ., ಎಂಡಿಎಫ್‌ನಲ್ಲಿ 3 ಮಿ.ಮೀ. ಬಿಟ್ ಸರಿಹೋಗುತ್ತದೆ. ಬಿಟ್ಟಿನ ತುದಿಯಿಂದ ಬೇಕಾದಷ್ಟು ಆಳ ಅಳೆದು ಬಣ್ಣದ ಟೇಪ್ ಸುತ್ತುವುದು ಎಲ್ಲರೂ ಬಲ್ಲ ಉಪಾಯ, ಆದರೆ ಐದಾರು ತೂತುಗಳಾದ ಮೇಲೆ ಹೊಟ್ಟಿನ ತಳ್ಳಿಕೆಗೆ ಟೇಪ್ ಮೇಲಕ್ಕೆ ಸರಿಯುತ್ತದೆ. ಅದಕ್ಕಿಂತ ಒಂದು ತುಂಡು ಮರಕ್ಕೆ ಉದ್ದಕ್ಕೆ ತೂತು ಕೊರೆದು ಬಿಟ್ಟಿಗೆ ಪೋಣಿಸಿ, ಬಿಟ್ಟಿನ ತುದಿ 12 ಮಿ.ಮೀ. ಮಾತ್ರ ಹೊರಗೆ ಉಳಿಯುವಂತೆ ಮಾಡಿಕೊಂಡರೆ ಅದು ಎಷ್ಟೇ ಒತ್ತಿದರೂ ಮುಂದೆ ಹೋಗುವುದಿಲ್ಲ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಕೆಲವು ವರ್ಷಗಳ ಹಿಂದೆ ಬೀಟೆ ವೆನೀರಿನ ಓದುವ ಮೇಜೊಂದಕ್ಕೆ ಟೇಪನ್ನೇ ನಂಬಿ ತೂತು ಕೊರೆದೆ. ಯಾವ ತೂತೂ ಮೇಲೆ ಹಾಯಲಿಲ್ಲ, ಹಲಗೆ ನೋಡಲು ನುಣುಪಾಗಿಯೇ ಇತ್ತು. ಒಂದು ಸ್ಕ್ರೂವಿನ ತುದಿ ಮಾತ್ರ ಮೇಲ್ಮೈಗೆ ಒಂದೇ ಮಿಲಿಮೀಟರ್ ಕೆಳಗೆ ನಿಂತಿತ್ತು. ಆ ವರ್ಷದ ಮಳೆಗಾಲದಲ್ಲಿ ಅಲ್ಲಿ ಸಾಸಿವೆ ಕಾಳಿನಷ್ಟು ಉಬ್ಬು ಮೂಡಿತು. ಸಂಜೆಯ ಓರೆ ಬೆಳಕಿನಲ್ಲಿ ಮಾತ್ರ ಕಾಣುತ್ತಿದ್ದರೂ ಕೈಯಾಡಿಸಿದರೆ ಬೆರಳಿಗೆ ತಡೆಯುತ್ತಿತ್ತು. ಸ್ಕ್ರೂ ತೆಗೆದು, ತೂತಿಗೆ ಎಪಾಕ್ಸಿ ತುಂಬಿ, ಮೇಲಿನಿಂದ ಒದ್ದೆ ಬಟ್ಟೆ ಹಾಗೂ ಹದ ಬಿಸಿಯ ಇಸ್ತ್ರಿಪೆಟ್ಟಿಗೆ ಇಟ್ಟು ಒತ್ತಿದ್ದರಿಂದ ಉಬ್ಬು ಬಹುಪಾಲು ಇಳಿಯಿತು, ಆದರೆ ಪಾಲಿಷ್ ಬೆಳ್ಳಗಾಗಿ ಆ ಬದಿಯನ್ನೆಲ್ಲ ಮತ್ತೆ ಪಾಲಿಷ್ ಮಾಡಬೇಕಾಯಿತು. ಆ ಮನೆಯವರು ಒಂದು ಮಾತೂ ಆಡಲಿಲ್ಲ, ಆದರೂ ಆ ಮೇಜಿನ ನೆನಪು ನನಗೆ ಇಂದಿಗೂ ನೋವಿನದೇ.

ಇನ್ಸರ್ಟ್ ಹಾಕುವವರು ಮೊದಲು ಅದೇ ಹಲಗೆಯ ಚೂರಿನಲ್ಲಿ ಒಂದನ್ನು ಹಾಕಿ ನೋಡಬೇಕು. ತೂತು ಬಿಗಿಯಾದರೆ ಎಂಡಿಎಫ್ ಸುತ್ತಲೂ ಗುಳ್ಳೆಯಂತೆ ಏಳುತ್ತದೆ, ಆ ಗುಳ್ಳೆಯ ಮೇಲೆ ಚೌಕಟ್ಟು ಸಮನಾಗಿ ಕೂರುವುದಿಲ್ಲ. ತೂತಿನ ಬಾಯನ್ನು ದೊಡ್ಡ ಬಿಟ್ಟಿನಿಂದ ಸ್ವಲ್ಪ ಅಗಲಿಸಿ, ಎಪಾಕ್ಸಿ ಅಂಟನ್ನು ಗೋಡೆಗೆ ಸವರಿ, ಇನ್ಸರ್ಟನ್ನು ನೆಟ್ಟಗೆ ತಿರುಗಿಸಿ ಮೇಲ್ಮೈಗಿಂತ ಕೂದಲೆಳೆಯಷ್ಟು ಒಳಗೆ ನಿಲ್ಲಿಸಬೇಕು. ಅಂಟು ಒಳದಾರಕ್ಕೆ ಇಳಿಯದಂತೆ ನೋಡಿಕೊಂಡು ಒಂದು ರಾತ್ರಿ ಬಿಟ್ಟರೆ ಸಾಕು.

ಬಿಗಿಯುವ ಕೆಲಸವನ್ನು ಕೈಯಿಂದಲೇ ಮಾಡಿ. ಮೊದಲು ಎಲ್ಲ ಹನ್ನೆರಡನ್ನೂ ಸಡಿಲವಾಗಿ ಹಿಡಿಸಿ, ಪೆನ್ಸಿಲ್ ಗೆರೆಗೆ ಚೌಕಟ್ಟನ್ನು ಹೊಂದಿಸಿ, ನಡುವಿನಿಂದ ಆರಂಭಿಸಿ ಎದುರುಬದುರಾಗಿ ಮೂಲೆಗಳ ಕಡೆಗೆ ಬಿಗಿಯುತ್ತ ಹೋಗಬೇಕು. ಬ್ಯಾಟರಿ ಡ್ರೈವರಿನ ರಭಸಕ್ಕೆ ಎಂಡಿಎಫ್‌ನ ದಾರ ಒಂದು ಕ್ಷಣದಲ್ಲಿ ಪುಡಿಯಾಗುತ್ತದೆ, ಹಾಗೆ ಪುಡಿಯಾದದ್ದು ಕೈಗೆ ಗೊತ್ತಾಗುವುದೂ ಇಲ್ಲ. ಕೈಯಲ್ಲಿ ತಿರುಗಿಸುವಾಗ ಸ್ಕ್ರೂವಿನ ತಲೆ ಕೂತೊಡನೆ ಹಿಡಿತ ಗಟ್ಟಿಯಾದದ್ದು ತಿಳಿಯುತ್ತದೆ. ಅಲ್ಲಿಂದ ಕಾಲು ಸುತ್ತು ಸಾಕು. ತೂತು ಸಡಿಲವಾಗಿಬಿಟ್ಟಿದ್ದರೆ ಉದ್ದದ ಸ್ಕ್ರೂ ಹಾಕುವ ಯೋಚನೆ ಬೇಡ. ಬಿದಿರಿನ ಕಡ್ಡಿಯನ್ನು ಮರದ ಅಂಟಿನಲ್ಲಿ ಅದ್ದಿ ತೂತಿಗೆ ಬಿಗಿಯಾಗಿ ಕೂರಿಸಿ, ಒಣಗಿದ ಮೇಲೆ ಮಟ್ಟಕ್ಕೆ ಕತ್ತರಿಸಿ, ಹೊಸದಾಗಿ ಕೊರೆದು ಅದೇ ಉದ್ದದ ಸ್ಕ್ರೂ ಹಾಕಿರಿ.

ಹಲಗೆಯನ್ನು ಚೌಕಟ್ಟಿಗೆ ಅಂಟಿನಿಂದಲೇ ಕೂರಿಸಿಬಿಡಬಾರದೇ ಎಂದು ಕೇಳುವವರಿದ್ದಾರೆ. ಅಂಟು ಬಲವಾಗಿಯೇ ಹಿಡಿಯುತ್ತದೆ, ಆದರೆ ನಂತರ ಹಲಗೆಯ ಒಂದು ಮೂಲೆ ಕೆಟ್ಟರೂ ಇಡೀ ಮೇಜನ್ನು ಒಡೆಯಬೇಕಾಗುತ್ತದೆ. ಅಪಾರ್ಟ್‌ಮೆಂಟ್‌ನ ಕಿರಿದಾದ ಮೆಟ್ಟಿಲಿನಲ್ಲಿ ಬಿಚ್ಚಿ ಸಾಗಿಸುವ ದಾರಿಯೂ ಮುಚ್ಚಿಹೋಗುತ್ತದೆ. ಅಂಟಿನ ಕೆಲಸ ವೆನೀರಿಗೂ ಹಲಗೆಗೂ ನಡುವೆ ಮುಗಿಯಲಿ.

ಬಿಗಿದಾದ ಮೇಲೆ ಮೇಜನ್ನು ಅಡ್ಡಪಟ್ಟಿಗೆ ಕೈಕೊಟ್ಟು ಎತ್ತಿ ನಿಲ್ಲಿಸಿ, ಕಿಟಕಿಯ ಎದುರು ಬಗ್ಗಿ ಓರೆ ಬೆಳಕಿನಲ್ಲಿ ಹಲಗೆಯ ಮೇಲ್ಮೈ ನೋಡಿರಿ. ಸ್ಕ್ರೂ ಇರುವ ಜಾಗಗಳಲ್ಲಿ ಬೆಳಕು ಮುರಿಯದೆ ಹರಿದರೆ ಒಳಗೆ ಎಳೆತವಿಲ್ಲವೆಂದು ಅರ್ಥ. ಎಲ್ಲಾದರೂ ತಗ್ಗು ಕಂಡರೆ ಆ ಸ್ಕ್ರೂವನ್ನು ಅರ್ಧ ಸುತ್ತು ಸಡಿಲಿಸಿ ಇನ್ನೊಮ್ಮೆ ನೋಡಬೇಕು. ತಗ್ಗು ಮಾಯವಾದರೆ ಅಲ್ಲಿ ಸಂದಿಯಿದೆ, ಚೂರು ಕೊಡಬೇಕು. ಮೇಜು ಮನೆ ಸೇರಿದ ಮೊದಲ ವರ್ಷ ಆಟಿಯ ನಂತರದ ಸೋಣ ತಿಂಗಳು ಕಳೆದು ಬಿಸಿಲು ಕಂಡ ಮೇಲೆ ಒಮ್ಮೆ, ಬೇಸಿಗೆಯ ನಡುವೆ ಇನ್ನೊಮ್ಮೆ ಅಡಿಗೆ ಕೈಹಾಕಿ ಸ್ಕ್ರೂಗಳನ್ನು ಮುಟ್ಟಿ ನೋಡಿರಿ. ಸಡಿಲವಾದದ್ದನ್ನು ಬಿಗಿದು, ಅಡಿಭಾಗದ ಲೇಪ ಬೂಸ್ಟು ಹಿಡಿದಿದ್ದರೆ ಒಣ ಬಟ್ಟೆಯಲ್ಲಿ ಒರಸಿ, ಸೀಲರ್ ಸವೆದ ಜಾಗಕ್ಕೆ ಇನ್ನೊಂದು ಕೈ ಹೊಡೆಯಬೇಕು.